ಮಕ್ಕಳ ಖಾನೆ ತಟ್ಟೆ: ಸಾದಾ ಸಾಕು, ಬಹುಮಾನದ್ದು ಬೇಡ

ಎರಡರಿಂದ ಆರು ವರ್ಷದ ಮಕ್ಕಳಿಗೆಂದು ಬರುವ ಖಾನೆ ತಟ್ಟೆಗಳಲ್ಲಿ ಎರಡು ಬಗೆ. ಒಂದು, ಮೂರ್ನಾಲ್ಕು ಖಾನೆಗಳ ಸಾದಾ ತಟ್ಟೆ. ಇನ್ನೊಂದು ಆಟದ ತಟ್ಟೆ: ಅಂಚಿನುದ್ದಕ್ಕೂ ಪುಟ್ಟ ಖಾನೆಗಳ ಸಾಲು, ಕೊನೆಯಲ್ಲಿ, ಸಾಲು ತಿಂದು ಮುಗಿಸಿದ ಮೇಲೆ ತೆರೆಯುವ, ಮುಚ್ಚಳ ಹಾಕಿದ ಬಹುಮಾನದ ಖಾನೆ. ಮೊದಲನೆಯದನ್ನು ಕೊಳ್ಳಬಹುದು. ಎರಡನೆಯದಕ್ಕೆ ದುಡ್ಡು ಹಾಕಬೇಡಿ.

ಈ ವಯಸ್ಸಿನಲ್ಲಿ ಹೊಸ ತಿನಿಸಿಗೆ ಮುಖ ತಿರುಗಿಸುವುದು ಸಹಜ. ಅದಕ್ಕೆ ಬೆಳೆಸಿದ ರೀತಿಯನ್ನಷ್ಟೇ ದೂರಿ ಫಲವಿಲ್ಲ. ಸ್ವಲ್ಪ ದೊಡ್ಡ, 8ರಿಂದ 11 ವರ್ಷದ ಅವಳಿ ಮಕ್ಕಳ ಕುರಿತು 2007ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಹೊಸ ತಿನಿಸಿಗೆ ಹಿಂಜರಿಯುವುದರಲ್ಲಿ ಮಕ್ಕಳ ನಡುವೆ ಇರುವ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ವಂಶವಾಹಿಗಳದ್ದೆಂದು ಲೆಕ್ಕ ಹಾಕಿತು. ಆದರೆ ಹುಟ್ಟಿನಿಂದ ಬಂದ ಹಿಂಜರಿಕೆ ಸಡಿಲವಾಗುವುದು ಮನೆಯ ಊಟದಲ್ಲೇ. ಒಂದು ರುಚಿ ಒಗ್ಗಲು ಸಾಮಾನ್ಯವಾಗಿ 8ರಿಂದ 15 ಸಲ ಬೇಕು. ಬಹಳ ಮನೆಗಳಲ್ಲಿ ನಾಲ್ಕನೇ ಸಲಕ್ಕೇ ‘ಇವನಿಗೆ ಅದು ಸೇರೋದಿಲ್ಲ’ ಎಂಬ ತೀರ್ಪು ಹೊರಬಿದ್ದು ಆ ತಿನಿಸೇ ಮಾಯವಾಗುತ್ತದೆ. ಸಾದಾ ತಟ್ಟೆಯ ಪ್ರಯೋಜನ ಇಲ್ಲಿದೆ. ಒಂದರ ರಸ ಇನ್ನೊಂದಕ್ಕೆ ಹರಿಯುವುದಿಲ್ಲ, ಹಾಗಾಗಿ ಹೊಸದು ಕಂಡಿತೆಂದು ಮಗು ಇಡೀ ತಟ್ಟೆಯನ್ನೇ ತಳ್ಳುವುದು ಕಡಿಮೆ.

ಅತಿ ಚಿಕ್ಕ ಖಾನೆಗೆ ಹೊಸ ತಿನಿಸು, ಒಂದು ಟೀ ಚಮಚ ಮಾತ್ರ. ಉಳಿದವುಗಳಲ್ಲಿ ಒಂದಾದರೂ ಮಗು ಈಗಾಗಲೇ ಒಪ್ಪಿ ತಿನ್ನುವಂಥದ್ದಿರಲಿ. ಹೊಸದನ್ನು ಬಿಟ್ಟು ಉಳಿದ ಒಂದೊಂದು ಪದಾರ್ಥಕ್ಕೆ ವಯಸ್ಸಿನ ವರ್ಷಕ್ಕೊಂದು ದೊಡ್ಡ ಚಮಚ, ಅಂದರೆ ಮೂರು ವರ್ಷದ ಮಗುವಿಗೆ ಮೂರು ಚಮಚ (ಸುಮಾರು 45 ಮಿಲಿ), ಬಡಿಸಿ, ಕೇಳಿದರೆ ಮತ್ತೆ ಹಾಕಿ. ಹೊಸದನ್ನು ಅರ್ಧ ಗಂಟೆಯಲ್ಲಿ ಮುಟ್ಟದಿದ್ದರೆ ಮಾತಿಲ್ಲದೆ ತೆಗೆಯಿರಿ. ಕೆಲವು ದಿನ ಬಿಟ್ಟು ಅದೇ ಚಮಚ, ಅದೇ ಖಾನೆ.

ಎಡವುವುದು ಅಳತೆಯಲ್ಲಿ. ಕೊಂಡ ತಟ್ಟೆಯ ಖಾನೆಗಳಿಗೆ ಚಮಚದಲ್ಲಿ ನೀರು ಹಾಕಿ ನೋಡಿ. ಒಂದೊಂದೂ 150 ಮಿಲಿ ಹಿಡಿಯುತ್ತಿದ್ದರೆ ಅದು ಪುಟ್ಟ ಮಗುವಿನ ಅಳತೆಯಲ್ಲ. ಖಾಲಿ ಜಾಗ ಕಂಡರೆ ತುಂಬಿಸುವುದು ದೊಡ್ಡವರ ಚಾಳಿ, ಆಮೇಲೆ ‘ಪೂರ್ತಿ ಮುಗಿಸು’ ಎಂಬ ಪೀಡನೆ. ಕೊರತೆಯಲ್ಲಿ ಬೆಳೆದ ಹಿರಿಯರಿಗೆ ತಟ್ಟೆಯಲ್ಲಿ ಬಿಟ್ಟರೆ ಸಂಕಟವಾಗುವುದು ನ್ಯಾಯವೇ. ಆದರೆ ಒತ್ತಾಯಕ್ಕೆ ತಿಂದ ಮಗು ಹೊಟ್ಟೆ ತುಂಬಿದ್ದನ್ನು ಗಮನಿಸುವುದನ್ನೇ ಮರೆಯುತ್ತದೆ. ಕಡಿಮೆ ಬಡಿಸಿದರೆ ಚೆಲ್ಲುವುದೂ ತಪ್ಪುತ್ತದೆ.

ಬಹುಮಾನದ ತಟ್ಟೆ ಈ ಪೀಡನೆಯನ್ನೇ ಬಣ್ಣ ಬಳಿದು ಮಾರುತ್ತದೆ. ತರಕಾರಿ ಸುಂಕ, ಸಿಹಿ ಪ್ರತಿಫಲ. ಹೀಗೆ ಷರತ್ತಿಗೆ ಕಟ್ಟಿದಾಗ ಏನಾಗುತ್ತದೆಂದು ಅಮೆರಿಕದ ಸಂಶೋಧಕಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು 1984ರಲ್ಲೇ ತೋರಿಸಿದ್ದರು: ಪ್ರತಿಫಲ ಪಡೆಯಲು ಮಕ್ಕಳು ಕುಡಿಯಬೇಕಾಗಿ ಬಂದ ಪಾನೀಯವೇ ಅವರಿಗೆ ಕಡಿಮೆ ಇಷ್ಟವಾಯಿತು. ಹೊಸದನ್ನು ರುಚಿ ನೋಡಿದ್ದಕ್ಕೆ ಒಂದು ಸ್ಟಿಕ್ಕರ್ ಕೊಡುವುದು ಬೇರೆ ಮಾತು, ಅದು ಫಲ ಕೊಟ್ಟ ಪ್ರಯೋಗಗಳಿವೆ.

ವಸ್ತುವಿನ ವಿಚಾರಕ್ಕೆ ಬಂದರೆ, ಸ್ಟೀಲ್ ಬಾಳಿಕೆಯದು, ಬಿಸಿ ಮಾತ್ರ ಬೇಗ ಹಿಡಿಯುತ್ತದೆ. ಮೆಲಮೈನನ್ನು (ಪಿಂಗಾಣಿಯಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್) ಮೈಕ್ರೋವೇವ್‌ನಲ್ಲಿ ಇಡಬಾರದು, ಕುದಿಯುತ್ತಿರುವುದನ್ನು ಸುರಿಯಬಾರದು. ಗೀರು ಬಿದ್ದರೆ ಎಸೆಯಿರಿ. ಅಡಿಯಲ್ಲಿ ಮೇಜಿಗೆ ಅಂಟಿಕೊಳ್ಳುವ ಹೀರುಬಟ್ಟಲಿರುವ (ಸಕ್ಷನ್ ಕಪ್) ಸಿಲಿಕೋನ್ ತಟ್ಟೆ ನುಣುಪಾದ, ಒರೆಸಿದ ಮೇಜಿಗಷ್ಟೇ ಕಚ್ಚುತ್ತದೆ. ಎಣ್ಣೆಯ ವಾಸನೆಯೂ ಹಿಡಿಯುತ್ತದೆ. ಖಾನೆಯ ಮೂಲೆಗಳು ದುಂಡಗಿಲ್ಲದಿದ್ದರೆ ಚಮಚಕ್ಕೂ ಬಾರದ, ತೊಳೆದರೂ ಹೋಗದ ಚೂರು ಉಳಿಯುತ್ತದೆ.

ಮೇಜಿನ ಉಳಿದ ತಟ್ಟೆಗಳಲ್ಲೂ ಅದೇ ತರಕಾರಿ ಇರಬೇಕು. ಅಪ್ಪ ಅಮ್ಮ ಮುಟ್ಟದ್ದನ್ನು ಮಗುವಿನ ಖಾನೆಗೆ ಹಾಕಿದರೆ ಯಾವ ತಟ್ಟೆಯೂ ಕೆಲಸ ಮಾಡದು. ನಾಲ್ಕು ದಾಟುತ್ತಿದ್ದಂತೆ ವಾರಕ್ಕೆರಡು ಊಟ ಮನೆಯವರಂಥ ತಟ್ಟೆಯಲ್ಲಿ ಕೊಡಲು ಶುರು ಮಾಡಿ, ಇಲ್ಲದಿದ್ದರೆ ‘ಒಂದಕ್ಕೊಂದು ತಾಗಿದರೆ ತಿನ್ನೋಲ್ಲ’ ಎಂಬ ಹಠ ಬೇರೂರಬಹುದು. ತೂಕ ಏರದೆ ನಿಂತಿದ್ದರೆ, ತುತ್ತು ಬಾಯಿಗಿಟ್ಟಾಗಲೆಲ್ಲ ಓಕರಿಸುತ್ತಿದ್ದರೆ ತಟ್ಟೆ ಹುಡುಕುತ್ತ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ.