ಮಗುನ ಮನೇಲಿ ನೋಡ್ಕೊಳೋದಾ, ಹಾಸ್ಪೈಸಾ?

ಕ್ಯಾನ್ಸರ್ ಟ್ರೀಟ್‌ಮೆಂಟ್ ಇನ್ನು ಕೆಲಸ ಮಾಡಲ್ಲ ಅಂತ ಡಾಕ್ಟ್ರು ಹೇಳಿದ್ಮೇಲೆ ಬೆಂಗಳೂರಲ್ಲಿ ಇರೋರಿಗೆ ಈ ಎರಡು ದಾರಿ: ಮನೆ, ಇಲ್ಲಾ ಹಾಸ್ಪೈಸ್ (ವಾಸಿಯಾಗದ ಕಾಯಿಲೆ ಇರೋರಿಗೆ ನೋವು ಕಮ್ಮಿ ಮಾಡಿ ನೋಡ್ಕೊಳೋ ಜಾಗ). ಮನೇಲಾದ್ರೆ ತನ್ನ ಹಾಸಿಗೆ, ಅಜ್ಜಿ, ತಮ್ಮನ ಗಲಾಟೆ ಎಲ್ಲಾ ಇರುತ್ತೆ, ಹೋಮ್‌ಕೇರ್ ನರ್ಸ್ ಬಂದು ಮಾರ್ಫಿನ್ (ಜೋರು ನೋವಿಗೆ ಕೊಡೋ ಔಷಧಿ) ಯಾವಾಗ ಎಷ್ಟು ಅಂತ ಬರ್ದಿಟ್ಟು ಹೋಗ್ತಾರೆ, ಆದ್ರೆ ರಾತ್ರಿ 2 ಗಂಟೆಗೆ ಉಸಿರು ಏರುಪೇರಾದಾಗ ಸಿರಿಂಜ್ ಹಿಡಿದು ನಡುಗೋದು ಅಮ್ಮನ ಕೈನೇ (ನಮ್ಮಕ್ಕನ ಮನೇಲಿ ನೋಡಿದೀನಿ). ಅಂದಹಾಗೆ ಮಾರ್ಫಿನ್‌ಗೆ ಮೋಷನ್ ಕಟ್ಕೊಳುತ್ತೆ, ಅದಕ್ಕೂ ಸಿರಪ್ ಕೇಳಿ ತಗೊಳ್ಳಿ.

ಹಾಸ್ಪೈಸಲ್ಲಿ ನರ್ಸ್ 24 ಗಂಟೆ ಇರ್ತಾರೆ, ಅಮ್ಮ ಬರೀ ಅಮ್ಮ ಆಗಿರಬಹುದು. ಬೆಂಗಳೂರಿನ ಕರುಣಾಶ್ರಯ ಅನ್ನೋ ಹಾಸ್ಪೈಸಲ್ಲಂತೂ ದುಡ್ಡೇ ತಗೊಳಲ್ಲ. ನೋವು ಹಿಡಿತಕ್ಕೆ ಬರ್ತಿಲ್ಲ ಅಂದ್ರೆ ನನ್ನ ಓಟು ಹಾಸ್ಪೈಸ್‌ಗೇ, ನೋವು ಹಿಡಿತಕ್ಕೆ ಬಂದ್ಮೇಲೆ ಡಾಕ್ಟ್ರನ್ನ ಕೇಳಿ ಮನೆಗೆ ಕರ್ಕೊಂಡ್ ಬರಬಹುದಲ್ಲ.