ಅಂಗಡಿಯ ‘ಎರಡಡಿ ಸೆಟ್’ ಪುಟ್ಟ ಸಿಕ್ಲಿಡ್‌ಗಳಿಗೆ ಆದೀತೇ?

ಟ್ಯಾಂಕು, ಮುಚ್ಚಳ, ಲೈಟು, ಪವರ್ ಫಿಲ್ಟರ್, ಒಂದು ಚೀಲ ಬಣ್ಣದ ಕಲ್ಲು, ಜೊತೆಗೆ ‘ಒಂದು ಜೋಡಿ ಸಿಕ್ಲಿಡ್’ (ಸಿಕ್ಲಿಡ್ ಎಂದರೆ ಹಲವು ಜಾತಿಗಳಿರುವ ಒಂದು ಮೀನಿನ ಕುಟುಂಬ). ಕಾಸರಗೋಡು ಕಡೆಯ ಅಕ್ವೇರಿಯಂ ಅಂಗಡಿಗಳಲ್ಲಿ ಎರಡಡಿಯ ಸೆಟ್ ಎಂದರೆ ಹೆಚ್ಚುಕಡಿಮೆ ಇಷ್ಟು. ಇದರಲ್ಲಿ ಕಣ್ಣುಮುಚ್ಚಿ ತರಬಹುದಾದದ್ದು ಟ್ಯಾಂಕು ಮತ್ತು ಮುಚ್ಚಳ ಮಾತ್ರ. ಇಡೀ ಸೆಟ್ಟಿಗೆ ಐದಕ್ಕೆ ಮೂರು ಅಂಕ ಕೊಡಬಹುದು.

24×12×15 ಇಂಚಿನ ಟ್ಯಾಂಕು ಕಂಠಪೂರ್ತಿ ತುಂಬಿದರೆ 70 ಲೀಟರ್. ಮೇಲೆ ಎರಡಿಂಚು ಬಿಟ್ಟು, ತಳದ ಹೊಯಿಗೆ ಕಳೆದರೆ ಉಳಿಯುವುದು 55 ಲೀಟರಿನ ಆಸುಪಾಸು. ಪುಟ್ಟ ಸಿಕ್ಲಿಡ್‌ಗಳಾದ ರಾಮ್, ಕ್ರಿಬೆನ್ಸಿಸ್‌ಗಳಲ್ಲಿ ಯಾವುದಾದರೂ ಒಂದು ಜೋಡಿಗೆ ಇದು ಸಾಕು, ಎರಡು ಜೋಡಿಗೆ ಸಾಲದು. ಮೊಟ್ಟೆಯಿಟ್ಟ ಜೋಡಿ ಮತ್ತೊಂದನ್ನು ಮೂಲೆಗೆ ಅಟ್ಟಿ ಕಚ್ಚುತ್ತಲೇ ಇರುತ್ತದೆ.

ಪವರ್ ಫಿಲ್ಟರಿನ ರಭಸ ರಾಮ್‌ಗೆ ಜಾಸ್ತಿ, ಮರಿಗಳಾದರಂತೂ ಹೀರಿಯೇ ಬಿಡುತ್ತದೆ. ಅದರ ಬದಲು ಸ್ಪಂಜ್ ಫಿಲ್ಟರ್ ಮತ್ತು ಏರ್ ಪಂಪ್ ಕೇಳಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ ಹಾಕಬೇಕು. ಮಳೆಗಾಲದಲ್ಲಿ ಕರೆಂಟು ಹೋದಾಗ ನೀರು ಪೈಪಿನೊಳಗೆ ಹಿಂದಕ್ಕೆ ಬಂದು ಪಂಪಿಗೆ ನುಗ್ಗುತ್ತದೆ. ಬಣ್ಣದ ಕಲ್ಲು ಬೇಡ, ತೊಳೆದ ಹೊಯಿಗೆ ಒಂದೂವರೆ ಇಂಚು ಹಾಕಿ. ಹೊಯಿಗೆಗೆ ಎರಡು ಹನಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದರಲ್ಲಿ ಚಿಪ್ಪಿನ ಚೂರು ಇದೆ ಎಂದರ್ಥ; ಅದು ನೀರನ್ನು ಗಡಸು ಮಾಡುತ್ತದೆ, ರಾಮ್‌ಗೆ ಆಗದು. ಅಡಗಲು ಅಂಚು ಒಡೆದ ಗೆರಟೆಯನ್ನು ಚೆನ್ನಾಗಿ ಕುದಿಸಿ ಕವುಚಿ ಹಾಕಿದರಾಯಿತು.

ಇನ್ನು ಮೀನು. ‘ಎಲ್ಲ ಸಿಕ್ಲಿಡ್ಡೇ ಅಲ್ಲವಾ’ ಎಂದು ಯೆಲ್ಲೋ ಲ್ಯಾಬನ್ನೂ ರಾಮನ್ನೂ ಒಟ್ಟಿಗೆ ಕೊಡುವ ಅಂಗಡಿಯಿಂದ ಎದ್ದು ಬನ್ನಿ. ಲ್ಯಾಬ್ ಆಫ್ರಿಕದ ಮಲಾವಿ ಸರೋವರದ್ದು, ಅದಕ್ಕೆ ಗಡಸು ನೀರು ಬೇಕು. ರಾಮ್ ವೆನೆಜುವೆಲ, ಕೊಲಂಬಿಯಾಗಳ ಒರಿನೊಕೊ ಸೀಮೆಯದು. ಅದಕ್ಕೆ ಬೇಕಾದ್ದು ಮೆದುವಾದ, ತುಸು ಹುಳಿ (ಆಮ್ಲೀಯ) ನೀರು, 27ರಿಂದ 30 ಡಿಗ್ರಿ ಬಿಸಿ. ನಮ್ಮ ಮುರಕಲ್ಲಿನ ಬಾವಿಯ ನೀರು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಹೀಟರ್ ಬೇಕಾಗುವುದು ಆಟಿಯ ಮಳೆಯಂಥ ತಂಪು ದಿನಗಳಲ್ಲಿ. ಹೊಟ್ಟೆ ಒಳಗೆ ಹೋದ, ಬಿಳಿ ನೂಲಿನಂಥ ಮಲ ಹಾಕುವ ಮೀನು ತರಬೇಡಿ. ಎದುರಿಗೇ ತಿಂಡಿ ಹಾಕಿಸಿ ನೋಡಿ. ಹೊಟ್ಟೆ ಗುಲಾಬಿಯಾಗಿ, ಮೈಯ ಕಪ್ಪು ಚುಕ್ಕೆಯೊಳಗೆ ನೀಲಿ ಮಿನುಗು ಇದ್ದರೆ ಅದು ಹೆಣ್ಣು. ದೂರದ ಮೀನೇ ಬೇಕೆಂದಿಲ್ಲದಿದ್ದರೆ ನಮ್ಮ ಅಳಿವೆಗಳದೇ ಆದ ಕಿತ್ತಳೆ ಕ್ರೋಮೈಡ್ ಇದೆ, ಮಲಯಾಳದ ಪಳ್ಳತ್ತಿ, ಕರಿಮೀನಿನ ದಾಯಾದಿ. ಅದಕ್ಕೆ ನೀರು ಸ್ವಲ್ಪ ಗಡಸಾಗಬೇಕು.

ನಮ್ಮ ಬಾವಿ ನೀರಿನ ತೊಡಕು ಬೇರೆ. ಅದರಲ್ಲಿ ಹುಳಿ ತಡೆಯುವ ಸುಣ್ಣದಂಶ ತೀರ ಕಡಿಮೆ. ಮೀನಿನ ಕಸ ಅರಗುತ್ತಾ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6ರಿಂದ 5ಕ್ಕೆ ಇಳಿದರೆ, ಆ ಕಸವನ್ನು ಶುದ್ಧಮಾಡುವ ಫಿಲ್ಟರಿನ ಬ್ಯಾಕ್ಟೀರಿಯಾ ಮಂದವಾಗಿ ಕಸದಿಂದ ಬರುವ ಅಮೋನಿಯಂ ಕೂಡಿಕೊಳ್ಳುತ್ತದೆ. ಹುಳಿ ನೀರಿನಲ್ಲಿ ಅದು ಅಷ್ಟು ವಿಷವಲ್ಲ, ಹಾಗಾಗಿ ಮೀನು ಆರಾಮಾಗಿ ಕಾಣುತ್ತದೆ. ಯಾರೋ ಹೇಳಿದರೆಂದು ಒಮ್ಮೆಲೇ ಸೋಡಾ ಪುಡಿ ಹಾಕಿ ಪಿಎಚ್ 7 ದಾಟಿಸಿದಿರೋ, ಅದೇ ಅಮೋನಿಯಂ ವಿಷವಾದ ಅಮೋನಿಯವಾಗಿ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ವಾರಕ್ಕೆ 12 ಲೀಟರ್ ನೀರು ಬದಲಿಸಿ. ಸುಣ್ಣದಂಶ ಮೆಲ್ಲಗೆ ಸೇರಲು ಕುದಿಸಿದ ಮರುವಾಯಿ ಚಿಪ್ಪು ನಾಲ್ಕೈದನ್ನು ಬಲೆಚೀಲದಲ್ಲಿ ಫಿಲ್ಟರಿನ ಹತ್ತಿರ ತೂಗುಹಾಕಿ. ರಾಮ್‌ಗೆ ಪಿಎಚ್ 6.5 ದಾಟಿದರೆ ಒಂದೆರಡು ತೆಗೆಯಿರಿ, ಕ್ರೋಮೈಡ್‌ಗಾದರೆ ಹಿಡಿ ತುಂಬ ಇರಲಿ.

ಹೊಸ ಟ್ಯಾಂಕಿಗೆ ನೀರು ತುಂಬಿದ ದಿನವೇ ಮೀನು ಬಿಡುವಂತಿಲ್ಲ. ಫಿಲ್ಟರ್ ಪಳಗಲು, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು, ನಾಲ್ಕರಿಂದ ಆರು ವಾರ ಬೇಕು, ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯ ಮತ್ತು ಅದರಿಂದಾಗುವ ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗಿಳಿಯುವವರೆಗೆ ಕಾಯಿರಿ.

ಅಂಗಡಿಯವರು ಕೊಡುವ ಆಂಟಿ-ಕ್ಲೋರಿನ್ ಬಾಟಲಿಯನ್ನು ಮಾತ್ರ ಬಾವಿಯವರೂ ಬೇಡವೆನ್ನಬಾರದು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಬಿದ್ದ ವಾರ ಟ್ಯಾಂಕಿನ ನೀರು ಬದಲಿಸಲೇಬೇಕಾದರೆ ಅದೇ ಗತಿ.