ಬಳ್ಳಾರಿ ಬಿಸಿಲಿಗೆ ಡೀಪ್‌ಕೂಲ್ ಎಕೆ400 ಸಾಕೇ? ರೈಜನ್ 7 5800ಎಕ್ಸ್ ಜತೆಗಿನ ದೀರ್ಘ ಬಳಕೆಯ ವಿಮರ್ಶೆ

ಕಂಪ್ಯೂಟರಿನ ಸಿಪಿಯು, ಅಂದರೆ ಪ್ರೊಸೆಸರನ್ನು ತಣ್ಣಗಿಡುವ ಕೂಲರ್‌ಗಳ ಪರೀಕ್ಷೆಗಳು ಹೆಚ್ಚಾಗಿ 20ರಿಂದ 25 ಡಿಗ್ರಿಯ ಎಸಿ ಕೋಣೆಯಲ್ಲಿ ನಡೆಯುತ್ತವೆ. ಬಳ್ಳಾರಿಯಲ್ಲಿ ಏಪ್ರಿಲ್ ಕೊನೆಗೆ ಹೊರಗೆ 40 ದಾಟಿರುತ್ತದೆ. ಆರ್‌ಸಿಸಿ ಚಾವಣಿಯ ಕೆಳಗಿನ ಮೇಲ್ಮಹಡಿ ಕೋಣೆ ರಾತ್ರಿ ಊಟದ ಹೊತ್ತಿಗೂ 35–36ರಲ್ಲೇ ಇರುತ್ತದೆ, ಹುಡುಗರು ಗೇಮ್ ಹಚ್ಚಿ ಕೂರುವುದೂ ಅದೇ ಹೊತ್ತಿಗೆ. ಗಾಳಿಯದಾಗಲಿ ಲಿಕ್ವಿಡ್ ಆಗಲಿ, ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗಿಡಲಾರದು. ಕೋಣೆ 15 ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅಲ್ಲಿ 75 ತೋರಿಸಿದ್ದು ಇಲ್ಲಿ 90. ಆ 90 ಎಂದರೆ ಎಎಂಡಿ ಕಂಪನಿ ತನ್ನ ರೈಜನ್ 7 5800ಎಕ್ಸ್ ಪ್ರೊಸೆಸರಿಗೆ ಕೊಟ್ಟಿರುವ ಗರಿಷ್ಠ ಮಿತಿ. ಅಲ್ಲಿಗೆ ಮುಟ್ಟಿದ ಕೂಡಲೇ ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ.

ಡೀಪ್‌ಕೂಲ್ ಕಂಪನಿಯ ಎಕೆ400, ತೆಳು ಲೋಹದ ಹಾಳೆಗಳ (ಫಿನ್) ಒಂದೇ ಗೋಪುರವಿರುವ ಕೂಲರ್: 6 ಮಿಮೀ ದಪ್ಪದ ನಾಲ್ಕು ತಾಮ್ರದ ಹೀಟ್‌ಪೈಪ್, 120 ಮಿಮೀ ಫ್ಯಾನ್, ಎತ್ತರ 155 ಮಿಮೀ. 5800ಎಕ್ಸ್ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಹೀಗಾಗಿ ಇಂಥದ್ದೊಂದನ್ನು ಬೇರೆಯಾಗಿ ಕೊಳ್ಳಲೇಬೇಕು. ಎರಡರ ಜೋಡಿ ಒಳ್ಳೆಯದೇ, ಆದರೆ ಕಾರ್ಖಾನೆಯ ಸೆಟ್ಟಿಂಗ್‌ನಲ್ಲಿ ಬಿಟ್ಟರೆ ನಮ್ಮ ಬೇಸಿಗೆಗೆ ತಡೆಯುವುದಿಲ್ಲ. 5800ಎಕ್ಸ್‌ನ ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖದ ಲೆಕ್ಕ) 105 ವ್ಯಾಟ್ ಎಂದಿದ್ದರೂ ಸಾಕೆಟ್‌ನಿಂದ ಎಳೆಯಬಹುದಾದ ವಿದ್ಯುತ್ತಿನ ಮಿತಿ, ಅಂದರೆ ಪಿಪಿಟಿ, 142 ವ್ಯಾಟ್. ಎಂಟೂ ಕೋರ್ ಒಂದೇ ಸಣ್ಣ ಚಿಪ್ಲೆಟ್‌ನಲ್ಲಿ (ಪ್ರೊಸೆಸರ್ ಒಳಗಿನ ಸಿಲಿಕಾನ್ ತುಂಡು) ತುಂಬಿರುವುದರಿಂದ ಶಾಖವೆಲ್ಲ ಬೆರಳಿನ ಉಗುರಿನಷ್ಟು ಜಾಗದಿಂದಲೇ ಹೊರಬರಬೇಕು. ದೊಡ್ಡ ಕೂಲರ್ ಹಾಕಿದವರ 5800ಎಕ್ಸ್ ಕೂಡ ಬಿಸಿಯಾಗುವುದು ಇದರಿಂದಲೇ.

ಬಿಸಿಯಾಗುತ್ತಿದೆ ಎಂದು ಕೂಲರನ್ನು ದೂರುವ ಮೊದಲು ಅಳತೆ ಸರಿ ಇರಲಿ. ಎಚ್‌ಡಬ್ಲ್ಯೂ ಇನ್ಫೋ (HWiNFO) ತಂತ್ರಾಂಶ ತೆರೆದು, ಪ್ರೊಸೆಸರಿನ ಉಷ್ಣಾಂಶ ತೋರಿಸುವ ಟಿಸಿಟಿಎಲ್/ಟಿಡೈ (Tctl/Tdie) ಎಂಬ ಸಾಲು, ಸಿಪಿಯು ಪಿಪಿಟಿ ಮತ್ತು ಫ್ಯಾನಿನ ಆರ್‌ಪಿಎಂ ಮೂರನ್ನೂ ಒಟ್ಟಿಗೆ ನೋಡಿ. ಟೇಬಲ್ ಮೇಲೊಂದು ಅಗ್ಗದ ಥರ್ಮಾಮೀಟರ್ ಇಟ್ಟು ಕೋಣೆಯ ಉಷ್ಣಾಂಶವನ್ನೂ ಬರೆದುಕೊಳ್ಳಿ, ಅದಿಲ್ಲದ ಅಂಕಿಗೆ ಅರ್ಥವಿಲ್ಲ. ಆಮೇಲೆ ಪ್ರೊಸೆಸರಿಗೆ ಪೂರ್ತಿ ಲೋಡ್ ಕೊಡುವ ಸಿನೆಬೆಂಚ್ ಆರ್23 ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ.

ಉಷ್ಣಾಂಶ ಹೇಗೆ ಏರುತ್ತದೆ ಎಂಬುದರಲ್ಲೇ ಕಾಯಿಲೆಯ ಗುರುತಿದೆ. ಲೋಡ್ ಬಿದ್ದ ಎರಡು–ಮೂರು ಸೆಕೆಂಡಿನಲ್ಲಿ 50ರಿಂದ 90ಕ್ಕೆ ಹಾರಿ ಅಲ್ಲೇ ನಿಂತರೆ, ಕೂಲರಿನ ಅಡಿಭಾಗ ಪ್ರೊಸೆಸರಿಗೆ ಸರಿಯಾಗಿ ಕೂತಿಲ್ಲ: ಸ್ಕ್ರೂ ಒಂದು ಕಡೆ ಸಡಿಲ, ಎರಡರ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಅಡಿಯ ಪ್ಲಾಸ್ಟಿಕ್ ಹಾಳೆ ಕೀಳದೆ ಉಳಿದಿದೆ. ಮೊದಲು 78ರಷ್ಟಿದ್ದು ಎಂಟು–ಹತ್ತು ನಿಮಿಷದಲ್ಲಿ ನಿಧಾನವಾಗಿ 88ಕ್ಕೆ ಹತ್ತಿದರೆ ಕೂಲರ್ ಸರಿ ಇದೆ, ಕೇಸ್ (ಕ್ಯಾಬಿನೆಟ್) ಒಳಗಿನ ಬಿಸಿಗಾಳಿ ಹೊರಗೆ ಹೋಗುತ್ತಿಲ್ಲ. ಪಕ್ಕದ ಬಾಗಿಲು ತೆಗೆದು ಅದೇ ಪರೀಕ್ಷೆ ಮತ್ತೆ ಮಾಡಿ. ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಕೇಸಿನದೇ ತೊಂದರೆ, ಅನುಮಾನವೇ ಬೇಡ. ಸಿನೆಬೆಂಚ್‌ನಲ್ಲಿ ಸರಿಯಿದ್ದು ಗೇಮಿನಲ್ಲಿ ಮಾತ್ರ ಏರಿದರೆ ಗ್ರಾಫಿಕ್ಸ್ ಕಾರ್ಡ್ ಉಗುಳುವ 200 ವ್ಯಾಟ್ ಶಾಖವನ್ನೇ ಈ ಫ್ಯಾನ್ ಒಳಗೆಳೆಯುತ್ತಿದೆ ಎಂದು ತಿಳಿಯಿರಿ. ಹಿಂದಿನ ಬೇಸಿಗೆಯಲ್ಲಿ ಚೆನ್ನಾಗಿದ್ದದ್ದು ಈ ಬೇಸಿಗೆಯಲ್ಲಿ ಕೆಟ್ಟಿದ್ದರೆ ಮೊದಲ ಶಂಕೆ ಧೂಳಿನ ಮೇಲೆ, ಎರಡನೆಯದು ಪೇಸ್ಟಿನ ಮೇಲೆ.

ಇನ್ನೊಂದು ಗೊಂದಲ. ಆಟದ ನಡುವೆ ಪಿಸಿ ಒಮ್ಮೆಲೇ ಆಫ್ ಆದರೆ ಎಲ್ಲರೂ ಹೀಟ್ ಎನ್ನುತ್ತಾರೆ. 90ಕ್ಕೆ ಮುಟ್ಟಿದ 5800ಎಕ್ಸ್ ಮೊದಲು ನಿಧಾನವಾಗುತ್ತದೆ, ಫ್ರೇಮ್ ಬೀಳುತ್ತವೆ. ಧೊಪ್ಪೆಂದು ಆರುವುದು ಅದರ ಸ್ವಭಾವವಲ್ಲ. 75–80ರಲ್ಲೇ ಆರಿಹೋದರೆ ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ), ಯುಪಿಎಸ್ ಬ್ಯಾಟರಿ, ಸಂಜೆಯ ಲೋ ವೋಲ್ಟೇಜ್ ಇವನ್ನು ನೋಡಿ. ಇದಕ್ಕೆ ಹೊಸ ಕೂಲರ್ ಕೊಂಡರೆ ದುಡ್ಡು ದಂಡ.

ಎಕೆ400 ಕೂರಿಸುವುದು ಸುಲಭ. ಎಎಂ4 (5800ಎಕ್ಸ್ ಕೂರುವ ಸಾಕೆಟ್) ಬೋರ್ಡಿನಲ್ಲಿ ಮೇಲಿನ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು, ಹಿಂದಿನ ಲೋಹದ ಬ್ಯಾಕ್‌ಪ್ಲೇಟ್ ಅಲ್ಲೇ ಉಳಿಯಬೇಕು. ಆ ಪ್ಲೇಟ್ ಸ್ಕ್ರೂ ಬಿಚ್ಚುತ್ತಲೇ ಕೆಳಗೆ ಬೀಳುತ್ತದೆ, ಒಂದು ಕೈಯಲ್ಲಿ ಹಿಡಿದಿರಿ. ಸ್ಪ್ರಿಂಗ್ ಇರುವ ಎರಡು ಸ್ಕ್ರೂಗಳಲ್ಲಿ ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಪೇಸ್ಟ್ ಒಂದೇ ಬದಿಗೆ ಒತ್ತಿಹೋಗುತ್ತದೆ. ಆ ಕಡೆ ಎರಡು ಸುತ್ತು, ಈ ಕಡೆ ಎರಡು ಸುತ್ತು ಎಂದು ತಿರುಗಿಸುತ್ತ, ಸ್ಕ್ರೂ ತಾನಾಗಿ ನಿಲ್ಲುವ ತನಕ ಬಿಗಿಯಿರಿ. ಫ್ಯಾನ್ ವೈರ್ ಸಿಪಿಯು ಫ್ಯಾನ್ ಹೆಡರಿಗೆ, ಗಾಳಿಯ ದಿಕ್ಕು ಕೇಸಿನ ಹಿಂಬದಿಗೆ. ಎತ್ತರದ ರ‍್ಯಾಮ್ ಇದ್ದರೆ ಫ್ಯಾನನ್ನು ತಂತಿ ಕ್ಲಿಪ್ ಮೇಲೆ ಒಂದಿಷ್ಟು ಮೇಲಕ್ಕೆ ಸರಿಸಬಹುದು. ಆಗ 155 ಮಿಮೀ ಲೆಕ್ಕ ಹೆಚ್ಚಾಗುತ್ತದೆ, ಸಣ್ಣ ಕೇಸಿನ ಗಾಜು ತಾಗಬಹುದು.

ಮೊದಲ ಸಲಕ್ಕೆ ಅಡಿಯಲ್ಲಿ ಹಚ್ಚಿ ಬಂದಿರುವ ಪೇಸ್ಟೇ ಸಾಕು. ಮತ್ತೆ ಹಚ್ಚುವಾಗ ಎಚ್ಚರ ಬೇಕು. ಎಎಂ4 ಪ್ರೊಸೆಸರಿನ ಪಿನ್ನುಗಳು ಪ್ರೊಸೆಸರಿನಲ್ಲೇ ಇರುತ್ತವೆ. ತಣ್ಣಗಿರುವಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಪೇಸ್ಟಿಗೆ ಅಂಟಿಕೊಂಡೇ ಕಿತ್ತು ಬರಬಹುದು, ಪಿನ್ ಬಾಗಬಹುದು. ಐದು ನಿಮಿಷ ಲೋಡ್ ಕೊಟ್ಟು ಬಿಸಿಮಾಡಿ, ಪವರ್ ತೆಗೆದು, ಸ್ಕ್ರೂ ಬಿಚ್ಚಿ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ಜಾರಿದ ಮೇಲೆ ಎತ್ತಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಈ ಕೂಲರಿನ ತಳ ಸಪಾಟು ತಾಮ್ರವಲ್ಲ, ಪೈಪುಗಳೇ ನೇರವಾಗಿ ಪ್ರೊಸೆಸರನ್ನು ಮುಟ್ಟುತ್ತವೆ, ನಡುವೆ ಅಲ್ಯೂಮಿನಿಯಂ ಇದೆ. ಬೆಳಕಿಗೆ ಹಿಡಿದರೆ ಪೈಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣುತ್ತವೆ. ಮೊದಲು ಆ ಸಂದುಗಳಿಗೆ ಪೇಸ್ಟನ್ನು ತೆಳುವಾಗಿ ಒರೆಸಿ ತುಂಬಿ, ಆಮೇಲೆ ಪ್ರೊಸೆಸರ್ ನಡುವೆ ಬಟಾಣಿಕಾಳಿನಷ್ಟು ಇಡಿ. ಹಾಗೆ ಮಾಡದಿದ್ದರೆ ಪೇಸ್ಟ್ ಸಂದಿಗಿಳಿದು, ಚಿಪ್ಲೆಟ್ ಇರುವ ಕಡೆಯೇ ಕಡಿಮೆ ಬೀಳಬಹುದು. ಚಿಪ್ಲೆಟ್ ಪ್ರೊಸೆಸರಿನ ನಟ್ಟನಡುವೆ ಇರುವುದಿಲ್ಲ, ಒಂದು ಬದಿಗಿದೆ.

ನಮ್ಮ ಕಡೆಯ ದೊಡ್ಡ ಶತ್ರು ಧೂಳೇ. ಹೊಸಪೇಟೆ ರಸ್ತೆ, ತೋರಣಗಲ್ಲು, ಸಂಡೂರು ಭಾಗದಲ್ಲಿ ಅದಿರಿನ ಕೆಂಪು ಧೂಳು, ಸಿರುಗುಪ್ಪ ಮತ್ತು ಗಂಗಾವತಿಯ ರೈಸ್ ಮಿಲ್ ಸುತ್ತ ಹೊಟ್ಟು, ರಾಯಚೂರಿನ ಜಿನ್ನಿಂಗ್ ಮಿಲ್‌ಗಳ ಹತ್ತಿರ ಹತ್ತಿಯ ಎಳೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳ ಸಾಲಿನಲ್ಲಿದ್ದರೆ ಕೇಸಿನ ಫಿಲ್ಟರ್ ಬಿಚ್ಚಿ ನೋಡಿ, ತೆಳು ನೀಲಿ ಕಂಬಳಿಯಂತೆ ಎಳೆ ಕೂತಿರುತ್ತದೆ. ಬರೀ ಪುಡಿ ಧೂಳು ಫಿನ್ನುಗಳ ನಡುವೆ ದಾಟಿ ಹೋಗುತ್ತದೆ. ಎಳೆ ಮೊದಲು ಸಿಕ್ಕಿಕೊಂಡು, ಅದರ ಮೇಲೆ ಪುಡಿ ಹಿಡಿದಾಗ ಫ್ಯಾನ್ ಮತ್ತು ಫಿನ್ ನಡುವೆ ಹೊರಗಿನಿಂದ ಕಾಣದ ಗೋಡೆಯೇ ಏಳುತ್ತದೆ. ಫ್ಯಾನ್ ಪೂರ್ತಿ ತಿರುಗುತ್ತಿರುತ್ತದೆ, ಗಾಳಿ ಮಾತ್ರ ದಾಟುವುದಿಲ್ಲ.

ಎಕೆ400 ಇಷ್ಟವಾಗುವುದು ಇಲ್ಲೇ. ಎರಡು ತಂತಿ ಕ್ಲಿಪ್ ಎಳೆದರೆ ಫ್ಯಾನ್ ಕೈಗೆ ಬರುತ್ತದೆ, ಒಂದಿಂಚಿನ ಪೇಂಟ್ ಬ್ರಷ್ ಮತ್ತು ಬ್ಲೋವರ್ ಇದ್ದರೆ ಹತ್ತು ನಿಮಿಷದ ಕೆಲಸ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿಯಿರಿ, ಗಾಳಿಗೆ ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹಾಳು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಟ್ಯಾಂಕಿನಲ್ಲಿ ನಿಂತ ನೀರು ಗಾಳಿಯ ಜತೆ ಬೋರ್ಡಿಗೆ ಸಿಡಿಯುತ್ತದೆ. ಮಾರ್ಚಿನಿಂದ ಜೂನ್‌ವರೆಗೆ ಕೇಸಿನ ಫಿಲ್ಟರ್ ಹದಿನೈದು ದಿನಕ್ಕೊಮ್ಮೆ, ಕೂಲರ್ ಎರಡು ತಿಂಗಳಿಗೊಮ್ಮೆ ಸ್ವಚ್ಛ ಮಾಡಿ. ಉಳಿದ ಕಾಲದಲ್ಲಿ ಅದರ ಅರ್ಧ ಸಾಕು.

ಕೋಣೆಗೆ ಏರ್ ಕೂಲರ್ ಇಟ್ಟುಕೊಂಡವರು ಅದರ ಗಾಳಿ ನೇರ ಪಿಸಿಗೆ ಬಡಿಯದಂತೆ ನೋಡಿಕೊಳ್ಳಿ. ಒಣ ಬಿಸಿಲಿನಲ್ಲಿ ಅದು ಕೋಣೆಯನ್ನು ಚೆನ್ನಾಗಿಯೇ ತಣಿಸುತ್ತದೆ, ಪ್ರೊಸೆಸರಿಗೂ ಅದರ ಲಾಭವಿದೆ. ಆದರೆ ಬೋರ್‌ವೆಲ್ ನೀರಿನ ಹನಿ ಬಿದ್ದಲ್ಲಿ ಉಪ್ಪು ಬಿಳಿಯಾಗಿ ಉಳಿಯುತ್ತದೆ. ಒದ್ದೆ ಫಿನ್ನಿಗೆ ಕೂತ ಧೂಳು ಬ್ಲೋವರಿಗೆ ಹಾರುವುದಿಲ್ಲ, ಕೆರೆಯಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ 142 ವ್ಯಾಟ್ ಉಳಿದರೆ 38 ಡಿಗ್ರಿ ಕೋಣೆಯಲ್ಲಿ ಸಿನೆಬೆಂಚ್ 90ಕ್ಕೆ ಮುಟ್ಟಿಯೇ ತೀರುತ್ತದೆ. ಪರಿಹಾರ ಬಯೋಸ್‌ನಲ್ಲಿದೆ (ಪಿಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್), ಖರ್ಚಿಲ್ಲ. ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್‌ಗೆ ಹೋಗಿ ಮಿತಿಗಳನ್ನು ಮ್ಯಾನ್ಯುಯಲ್ ಮಾಡಿ ಪಿಪಿಟಿಯನ್ನು 105ಕ್ಕೆ ಇಳಿಸಿ. ಕರೆಂಟಿನ ಮಿತಿಗಳಾದ ಟಿಡಿಸಿ 95, ಇಡಿಸಿ 140 ಹಾಗೇ ಇರಲಿ. ಅದೇ ಪುಟದಲ್ಲಿ, ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗೂ ನೆಗೆಟಿವ್ 15 ಕೊಡಿ. ಈಗ ಅದೇ ಕೋಣೆಯಲ್ಲಿ ಪೂರ್ತಿ ಲೋಡಿಗೆ 80ರ ಮೇಲೆ ಒಂದೆರಡು, ಗೇಮಿನಲ್ಲಿ 70ರಿಂದ 76. ರೆಂಡರ್ ಕೆಲಸ ಸ್ವಲ್ಪ ನಿಧಾನವಾಗಬಹುದು, ಗೇಮಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಹುತೇಕ ಗೇಮ್‌ಗಳು ಆ 105 ವ್ಯಾಟನ್ನೂ ಮುಟ್ಟುವುದಿಲ್ಲ. ಇನ್ನೂ ತಣ್ಣಗೆ ಬೇಕಿದ್ದರೆ 65 ವ್ಯಾಟ್ ಇಕೋ ಮೋಡ್ ಇದೆ, ಅದರಲ್ಲಿ ಪಿಪಿಟಿ 88.

ನೆಗೆಟಿವ್ 15 ಎಲ್ಲ ಚಿಪ್ಪಿಗೂ ಒಗ್ಗುತ್ತದೆಂಬ ಭರವಸೆ ಇಲ್ಲ. ಎಡವಟ್ಟು ತೋರುವುದು ಭಾರದ ಕೆಲಸದಲ್ಲಲ್ಲ, ಪಿಸಿ ಸುಮ್ಮನೆ ಕೂತಾಗ ಅಥವಾ ಬ್ರೌಸರ್ ತೆರೆದಾಗ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವ್ಹಿಯಾ ಲಾಗರ್ 18 (WHEA-Logger 18) ಎಂಬ ದೋಷ ಕಂಡರೆ ಬಹುತೇಕ ಅದೇ ಕಾರಣ. ಎಎಂಡಿಯ ರೈಜನ್ ಮಾಸ್ಟರ್ ತಂತ್ರಾಂಶ ನಕ್ಷತ್ರದ ಗುರುತು ಹಾಕಿ ತೋರಿಸುವ ಉತ್ತಮ ಕೋರ್‌ಗಳಿಗೆ ನೆಗೆಟಿವ್ 5, ಉಳಿದವಕ್ಕೆ ನೆಗೆಟಿವ್ 15 ಎಂದು ಬೇರೆ ಬೇರೆ ಕೊಟ್ಟು, ಒಂದೊಂದೇ ಕೋರನ್ನು ಪರೀಕ್ಷಿಸುವ ಕೋರ್‌ಸೈಕ್ಲರ್ ರಾತ್ರಿಯಿಡೀ ಓಡಿಸಿ ನೋಡಿ.

ಸದ್ದಿನ ಬಗ್ಗೆ ಒಂದು ಮಾತು. ಫ್ಯಾನಿನ ಗರಿಷ್ಠ ವೇಗ 1850 ಆರ್‌ಪಿಎಂ. 1300ರವರೆಗೆ ಸೀಲಿಂಗ್ ಫ್ಯಾನ್ ಸದ್ದಿನಲ್ಲಿ ಕರಗಿಹೋಗುತ್ತದೆ, 1600ರ ಮೇಲೆ ಹೆಡ್‌ಫೋನ್ ಇಲ್ಲದೆ ಕಿರಿಕಿರಿ. 5800ಎಕ್ಸ್ ಒಂದು ಫೋಲ್ಡರ್ ತೆರೆದರೂ ಹತ್ತು ಡಿಗ್ರಿ ಜಿಗಿಯುವುದರಿಂದ ಫ್ಯಾನ್ ಪದೇ ಪದೇ ಗುಯ್‌ಗುಟ್ಟುತ್ತದೆ. ಬಯೋಸ್‌ನಲ್ಲಿ ಫ್ಯಾನ್ ಕರ್ವನ್ನು 60 ಡಿಗ್ರಿವರೆಗೆ 40 ಪ್ರತಿಶತ, 75ಕ್ಕೆ 65, 85ಕ್ಕೆ 100 ಎಂದಿಟ್ಟು, ಸ್ಟೆಪ್ ಅಪ್ ಸಮಯವನ್ನು (ಫ್ಯಾನ್ ವೇಗ ಏರಿಸುವ ಮೊದಲು ಕಾಯುವ ಹೊತ್ತು) ಮೂರು ಸೆಕೆಂಡಿನ ಆಸುಪಾಸಿಗೆ ತಂದರೆ ಆ ಏರಿಳಿತ ನಿಲ್ಲುತ್ತದೆ. ಬೇಸಿಗೆಯಲ್ಲಿ ಸುಮ್ಮನಿರುವಾಗ 48–52 ತೋರಿಸಿದರೆ ಗಾಬರಿ ಬೇಡ.

ಯಾರು ಕೊಳ್ಳಬೇಕು? ರೈಜನ್ 5 5600, 5600ಎಕ್ಸ್ ಅಥವಾ ಇಂಟೆಲ್ 12400ಎಫ್ ಪ್ರೊಸೆಸರ್ ಇರುವವರು ಕಣ್ಣು ಮುಚ್ಚಿ ಕೊಳ್ಳಬಹುದು, ಬಯೋಸ್ ಮುಟ್ಟುವ ಅಗತ್ಯವೂ ಬರುವುದಿಲ್ಲ. 5800ಎಕ್ಸ್ ಇದ್ದವರು ಪಿಪಿಟಿ ಇಳಿಸಲು ಒಪ್ಪಿದರೆ ಮಾತ್ರ ಕೊಳ್ಳಿ. ದಿನವಿಡೀ ವಿಡಿಯೊ ರೆಂಡರ್ ಮಾಡುವವರಿಗೆ ಎರಡು ಗೋಪುರದ ಕೂಲರ್ ಮೇಲು. ಇಂಟೆಲ್ 13600ಕೆ ಥರದ, 180 ವ್ಯಾಟ್ ದಾಟುವ ಪ್ರೊಸೆಸರಿಗೆ ಈ ಊರಿನಲ್ಲಿ ಇದು ಬೇಡ. ಗಾಜಿನ ಮುಂಬದಿಯ ಕೇಸ್ ಇದ್ದವರು ಮೊದಲು ಕೇಸ್ ಬದಲಿಸಿ: ಮುಂದೆ ಜಾಲರಿ, ಒಳಗೆಳೆಯಲು ಎರಡು ಫ್ಯಾನ್, ಹಿಂದೆ ಹೊರದಬ್ಬಲು ಒಂದು. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ಹೆಚ್ಚಿದ್ದರೆ ಧೂಳು ಸಂದುಗೊಂದಿನಿಂದ ನುಗ್ಗದೆ ಫಿಲ್ಟರಿನಲ್ಲೇ ಸಿಕ್ಕಿಕೊಳ್ಳುತ್ತದೆ, ಅದನ್ನು ನಲ್ಲಿಯಡಿ ಹಿಡಿದು ತೊಳೆದು ಪೂರ್ತಿ ಒಣಗಿಸಿ ಹಾಕಬಹುದು.